ಕುಂಬಾರನಿಗೆ ವರುಷ, ಕೇಬಲ್ಲಿಗೆ ನಿಮಿಷ

ಆ ಭಾನುವಾರ ಬೆಳಗ್ಗೆ ಹಲ್ಲುಜ್ಜುತ್ತಲೇ ನಾನು ಘೋಷಿಸಿಬಿಟ್ಟೆ: "ಫೋಟೋಗ್ರಾಫರ್ ಯಾಕೆ? ನಾನಿದ್ದೀನಿ!" ಬಾಯಿ ತುಂಬ ಪೇಸ್ಟ್ ಇದ್ದುದರಿಂದ ಹೆಂಡತಿಗೆ ಕೇಳಿಸಿದ್ದು ಬರೀ ಗುಳುಗುಳು. ಸರಿಯಾಗಿ ಕೇಳಿಸಿದ್ದರೆ ಆಗಲೇ ತಡೆಯುತ್ತಿದ್ದಳು, ಈ ಕಥೆಯೂ ಇರುತ್ತಿರಲಿಲ್ಲ.

ನನ್ನ ಹೆಂಡತಿ ಮಣ್ಣಿನ ಪಾತ್ರೆ ಮಾಡುವವಳು. ಹಿತ್ತಿಲಲ್ಲಿ ಅವಳ ತಿರುಗುವ ಚಕ್ರ, ಸುಡುವ ಗೂಡು ಎಲ್ಲ ಇವೆ. ದೊಡ್ಡ ಅಂಗಡಿಯೊಂದು ತನ್ನ ಹೊಸ ಕ್ಯಾಟಲಾಗಿನಲ್ಲಿ ಅವಳ ಹನ್ನೆರಡು ಪಾತ್ರೆಗಳಿಗೆ ಒಂದಿಡೀ ಪುಟ ಕೊಟ್ಟಿತ್ತು. ಷರತ್ತು ಒಂದೇ. ಫೋಟೋಗಳು ಆ ದಿನ ಸಂಜೆ ಐದರೊಳಗೆ ತಲುಪಬೇಕು. ಇಲ್ಲದಿದ್ದರೆ ಪುಟ ಮೇಣದಬತ್ತಿ ಮಾಡುವವರ ಪಾಲು. ಗೊತ್ತುಮಾಡಿದ್ದ ಫೋಟೋಗ್ರಾಫರ್ ಅಂದು ಬೆಳಗ್ಗೆಯೇ ಜ್ವರ ಅಂತ ಫೋನ್ ಮಾಡಿ ಕೈ ಎತ್ತಿಬಿಟ್ಟ. ಮೂರು ತಿಂಗಳ ದುಡಿಮೆ ಮಣ್ಣುಪಾಲಾಗುವ ಹೊತ್ತಿಗೆ ಆಪದ್ಬಾಂಧವನ ಹಾಗೆ ಎದ್ದು ನಿಂತವನು ನಾನು!

ಬಾಯಿ ತೊಳೆದು ಮತ್ತೆ ಹೇಳುವ ಹೊತ್ತಿಗೆ ಕ್ಯಾಮರಾ ನನ್ನ ಕೈಯಲ್ಲಿತ್ತು. "ನೀವಾ?" ಎಂದಳು. ಆ ಒಂದು ಪದದಲ್ಲಿ ಎಷ್ಟೊಂದು ವ್ಯಂಗ್ಯ ತುರುಕಬಹುದೆಂದು ಭಾಷಾಪಂಡಿತರು ಬಂದು ನಮ್ಮ ಮನೆಯಲ್ಲಿ ಅಧ್ಯಯನ ಮಾಡಬೇಕು.

"ನಾನೇ. ಅದೂ ಸುಮ್ಮನೆ ಅಲ್ಲ. ಕ್ಯಾಮರಾನ ಲ್ಯಾಪ್‌ಟಾಪಿಗೆ ಕಟ್ಟಿಹಾಕಿ ತೆಗೀತೀನಿ. ದೊಡ್ಡ ದೊಡ್ಡ ಸ್ಟುಡಿಯೋದಲ್ಲಿ ಹಾಗೇ ತೆಗೆಯೋದು."

"ಕಟ್ಟಿಹಾಕೋದಾ? ಯಾಕೆ, ಎಲ್ಲಿಗಾದ್ರೂ ಓಡಿ ಹೋಗುತ್ತಾ?" ಎಂದರು ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ. ಅವರಿಗೆ ವಯಸ್ಸು ಎಪ್ಪತ್ತೆರಡು, ನಾಲಿಗೆಗೆ ಇಪ್ಪತ್ತೆರಡು.

ನಾನು ಶಾಂತವಾಗಿ ವಿವರಿಸಿದೆ. ಕ್ಯಾಮರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಅದರಿಂದ ಹೊರಟ ಕೇಬಲ್ ಲ್ಯಾಪ್‌ಟಾಪ್ ಸೇರುತ್ತದೆ. ಲ್ಯಾಪ್‌ಟಾಪಿನ ಉದ್ದ ಕೀ ಒತ್ತಿದರೆ ಸಾಕು, ಕ್ಲಿಕ್! ಫೋಟೋ ನೇರವಾಗಿ ಪರದೆಯ ಮೇಲೆ, ಅಲ್ಲಿಂದ ನಾವು ಹೇಳಿದ ಫೋಲ್ಡರಿಗೆ. ಈ ಬಗ್ಗೆ ನಾನು ಮೂರು ವಿಡಿಯೋ ನೋಡಿದ್ದೆ. ಒಂದನ್ನು ಕೊನೆಯವರೆಗೂ.

ಹೆಂಡತಿ ಪಾತ್ರೆ ಒರೆಸಿ ತರಲು ಹಿತ್ತಿಲಿಗೆ ಹೋದಳು. ನಾನು ಅವಳ ಲ್ಯಾಪ್‌ಟಾಪ್ ತೆರೆದೆ. ಅವಳು ಮೊದಲೇ ಎರಡು ಫೋಲ್ಡರ್ ಮಾಡಿಟ್ಟಿದ್ದಳು. ಒಂದರ ಹೆಸರು 'ಕಚ್ಚಾ', ಇನ್ನೊಂದು 'ಅಂತಿಮ'. ಚಿತ್ರಗಳು ಎಲ್ಲಿಗೆ ಹೋಗಬೇಕು ಎಂದು ಲ್ಯಾಪ್‌ಟಾಪ್ ಕೇಳಿತು. ಕಚ್ಚಾ ಕೆಲಸ ಮಾಡುವ ವಂಶ ನಮ್ಮದಲ್ಲ! 'ಅಂತಿಮ' ಒತ್ತಿದೆ.

ಕಿಟಕಿಯ ಬೆಳಕನ್ನು ಪಾತ್ರೆಗಳ ಮೇಲೆ ತಿರುಗಿಸಲು ಬಿಳಿ ಬೆಡ್‌ಶೀಟ್ ಹಿಡಿದು ಯಾರಾದರೂ ನಿಲ್ಲಬೇಕಿತ್ತು. ಆ ಸೂಕ್ಷ್ಮ ಕೆಲಸ ನನ್ನದು. ಕೀ ಒತ್ತಲು ಅತ್ತೆಯನ್ನು ಕೂರಿಸಿದೆ.

"ಅತ್ತೆ, ನಾನು 'ಹೂಂ' ಅಂದ ತಕ್ಷಣ ಇದನ್ನ ಒತ್ತಿ. ಬೇರೇನೂ ಯೋಚನೆ ಮಾಡಬೇಡಿ."

"ಆಗಲಿ ಅಳಿಯಂದಿರೇ. ನೀವು ಹೂಂ ಅಂದ್ರೆ ನಾನು ಒತ್ತೋದು."

"ಹೂಂ."

ಕ್ಲಿಕ್!

"ಕರೆಂಟ್ ಹೋಯ್ತು ಅಳಿಯಂದಿರೇ."

ಕರೆಂಟ್ ಹೋಗಿರಲಿಲ್ಲ. ಕ್ಯಾಮರಾದ ಮುಚ್ಚಳ ತೆಗೆಯುವುದನ್ನು ಮರೆತಿದ್ದೆ. ಅಷ್ಟರಲ್ಲಿ ಹೆಂಡತಿ ನೀಲಿ ಹೂಜಿಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದಳು.

"ರೀ, ಈ ಬಣ್ಣ ಬರೋಕೆ ನಾಲ್ಕು ಸಲ ಸುಡಬೇಕಾಯ್ತು. ಮೂರು ಹೂಜಿ ಗೂಡಲ್ಲೇ ಒಡೆದ್ವು. ಉಳಿದಿರೋದು ಇದೊಂದೇ. ಮೇಜು ಅಲ್ಲಾಡಲ್ಲ ತಾನೆ?"

"ಹೂಂ." ಕ್ಲಿಕ್!

"ನಾನು ಮಾಡಿಟ್ಟ ಫೋಲ್ಡರ್ ನೋಡಿದ್ರಾ?"

"ಹೂಂ." ಕ್ಲಿಕ್!

"ಕೇಬಲ್ ನಡು ದಾರೀಲಿ ಬಿದ್ದಿದೆ. ನೆಲಕ್ಕೆ ಟೇಪ್ ಹಾಕಿ ಅಂಟಿಸ್ತೀರಾ?"

"ಹೂಂ." ಕ್ಲಿಕ್!

"ಇದೇನ್ರೀ, ಆಗಿಂದ ಕ್ಲಿಕ್ ಕ್ಲಿಕ್ ಅಂತಿದೆ?"

"ಪರೀಕ್ಷೆ ನಡೀತಿದೆ," ಎಂದೆ ಗಂಭೀರವಾಗಿ. ಮದುವೆಯಾಗಿ ಹದಿನಾಲ್ಕು ವರ್ಷದಿಂದ ನಾನು ಹೇಳಿದ ಹೂಂಗಳಿಗೆ ಸಾಕ್ಷಿಯೇ ಇರಲಿಲ್ಲ. ಅಂದು ಒಂದೊಂದಕ್ಕೂ ಬಣ್ಣದ ಫೋಟೋ!

ಕೆಲಸ ಶುರುವಾಯಿತು. ನಾನು ಬೆಡ್‌ಶೀಟ್ ಎತ್ತಿದೆ, ಇಳಿಸಿದೆ, ಬಗ್ಗಿದೆ, ಒಂಟಿಕಾಲಲ್ಲಿ ನಿಂತೆ. ಅತ್ತೆ ಒತ್ತಿದರು, ಒತ್ತಿದರು, ಒತ್ತಿದರು.

"ಹೇಗೆ ಬರ್ತಿದೆ ಅತ್ತೆ?"

"ನೀವು ಚೆನ್ನಾಗಿ ಬರ್ತಿದ್ದೀರಿ. ಹೂಜಿ ಕಾಣ್ತಿಲ್ಲ."

"ಮೇಜು ಸರಿಯಿಲ್ಲ, ಅದಕ್ಕೇ."

"ಹೌದೌದು. ಕುಣಿಯೋಕೆ ಬರದೋರಿಗೆ ನೆಲ ಯಾವಾಗ್ಲೂ ಡೊಂಕೇ."

ಕಲಾವಿದನಾದವನು ಇಂಥ ಮಾತಿಗೆಲ್ಲ ಕಿವಿಗೊಡಬಾರದು. ನಾನೇ ಪರದೆ ನೋಡೋಣವೆಂದು ಠೀವಿಯಿಂದ ಎರಡು ಹೆಜ್ಜೆ ಹಿಂದಿಟ್ಟೆ. ಟೇಪ್ ಕಾಣದ ಕೇಬಲ್ ನನ್ನ ಪಾದಕ್ಕಾಗಿ ಕಾದು ಕೂತಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು! ಕಾಲು ಅಡುಗೆಮನೆಯ ಕಡೆ, ಕೇಬಲ್ ಮೇಜಿನ ಕಡೆ, ನಾನು ಬೆಡ್‌ಶೀಟ್ ಸಮೇತ ನೆಲದ ಕಡೆ. ಸ್ಟ್ಯಾಂಡ್ ವಾಲಿ ಮೇಜಿಗೆ ಗುದ್ದಿ, ಕ್ಯಾಮರಾವನ್ನು ಕೇಬಲ್ ಕಳಚದಂತೆ ಸೋಫಾದ ಮೇಲೆ, ಮೇಜಿನತ್ತ ಮುಖ ಮಾಡಿ ಒರಗಿಸಿತು. ಅತ್ತೆ ಲ್ಯಾಪ್‌ಟಾಪನ್ನು ತಬ್ಬಿ ಹಿಡಿದರು. ಮೇಜಿನ ಮೇಲೆ ನೀಲಿ ಹೂಜಿ ಮಗ್ಗುಲಾಗಿ ಉರುಳತೊಡಗಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆ ನಾನೇ. ಬೆಡ್‌ಶೀಟಿನ ಸಂದಿಯಿಂದ ಹೂಜಿ ಮೇಜಿನ ಅಂಚು ದಾಟುವುದನ್ನು ನೋಡಿದಾಗ, ತಮಾಷೆ ಪಕ್ಕಕ್ಕಿಟ್ಟು ಹೇಳುತ್ತೇನೆ, ಗೂಡಿನ ಮುಂದೆ ಬೆವರುತ್ತಾ ಕೂತಿದ್ದ ಅವಳ ಮುಖ ನೆನಪಾಯಿತು. ಕಣ್ಣು ಮುಚ್ಚಿಕೊಂಡೆ.

ಒಡೆದ ಸದ್ದು ಬರಲಿಲ್ಲ. ಕಣ್ಣು ಬಿಟ್ಟೆ. ಹೆಂಡತಿ ನೆಲದ ಮೇಲೆ ಕುಕ್ಕರಿಸಿದ್ದಳು. ಹೂಜಿ ಅವಳ ಮಡಿಲಲ್ಲಿತ್ತು. ಅವಳು ಅದನ್ನು ಎದೆಗವಚಿಕೊಂಡು, ನನ್ನನ್ನು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅಳಿಯಂದಿರೇ, ಬದುಕಿದ್ದೀರಾ?" ಎಂದರು ಅತ್ತೆ.

"ಹೂಂ..." ಎಂದು ನರಳಿದೆ.

ಕ್ಲಿಕ್!

ಮರುಕ್ಷಣ ಹೆಂಡತಿಯ ಫೋನ್ ಹೊಡೆದುಕೊಂಡಿತು. ಕೈ ಖಾಲಿಯಿಲ್ಲದ್ದರಿಂದ ಸ್ಪೀಕರ್ ಹಾಕಿದಳು. ಅಂಗಡಿಯ ಮಾಲೀಕರು.

"ಮೇಡಂ, ನಿಮ್ಮ ಫೋಟೋಗಳು ಬೆಳಗ್ಗಿಂದ ಒಂದೊಂದೇ ಬರ್ತಾ ಇವೆ. ಆಫೀಸಲ್ಲಿ ಎಲ್ಲರೂ ಕೆಲಸ ಬಿಟ್ಟು ನೋಡ್ತಾ ಕೂತಿದ್ದೀವಿ."

ಹೆಂಡತಿಯ ನಗು ನಿಂತಿತು. ಹೂಜಿಯಿಂದ ಒಂದು ಕೈ ಬಿಡಿಸಿ ಫೋನಿಗೆ ಅಡ್ಡ ಹಿಡಿದು ನನ್ನತ್ತ ತಿರುಗಿದಳು. "ಆರಿಸಿದ ಹನ್ನೆರಡು ಮಾತ್ರ ಹಾಕೋಕೆ ಅಂತ 'ಅಂತಿಮ' ಫೋಲ್ಡರನ್ನ ಅವರಿಗೂ ಕಾಣೋ ಹಾಗೆ ಮಾಡಿಟ್ಟಿದ್ದೆ. ನೀವು ಎಲ್ಲಾನೂ ಅದಕ್ಕೇ ಬಿಟ್ರಾ?"

ನಲವತ್ತೊಂದು ಫೋಟೋ! ಮುಚ್ಚಳದ ಕತ್ತಲೆ, ನನ್ನ ಒಂಟಿಕಾಲು, ನನ್ನ ಬಗ್ಗಿದ ಬೆನ್ನು, ಬೆನ್ನಿಗಿಂತ ಕೆಳಗಿನದೂ! ಉತ್ತರ ಒಂದೇ ಇತ್ತು.

"ಹೂಂ."

ಕ್ಲಿಕ್!

"ಇದೋ, ಇನ್ನೊಂದು ಬಂತು," ಎಂದಿತು ಫೋನು. "ಅದಿರಲಿ ಮೇಡಂ. ಇದರ ಹಿಂದಿಂದು, ನೀವು ನೆಲದ ಮೇಲೆ ಕೂತು ಹೂಜಿ ಅಪ್ಪಿಕೊಂಡು ನಗ್ತಾ ಇರೋದು... ಅದನ್ನ ಮುಖಪುಟಕ್ಕೇ ಹಾಕ್ತೀವಿ! ಯಾರು ತೆಗೆದಿದ್ದು?"

ನಾನು ಬೆಡ್‌ಶೀಟಿನಿಂದ ತಲೆ ಹೊರಹಾಕಿ ಗಂಟಲು ಸರಿಮಾಡಿಕೊಂಡೆ.

"ನಮ್ಮ ಅಮ್ಮ," ಎಂದಳು ಹೆಂಡತಿ.

"ಉಳಿದ ಹನ್ನೊಂದನ್ನೂ ಅವರ ಕೈಲೇ ತೆಗೆಸಿ. ಐದರವರೆಗೂ ಟೈಮಿದೆ. ಹಾಂ, ಇನ್ನೊಂದು ಮಾತು. ಬೆಡ್‌ಶೀಟ್ ನೇತುಹಾಕೋಕೆ ಒಂದು ಸ್ಟ್ಯಾಂಡ್ ಇಟ್ಟಿದ್ದೀರಲ್ಲ, ಅದರ ಹೊಟ್ಟೆ ಸ್ವಲ್ಪ ಅಡ್ಡ ಬರ್ತಿದೆ. ಪಕ್ಕಕ್ಕೆ ಸರಿಸಿಬಿಡಿ."

ಅತ್ತೆ ಕನ್ನಡಕ ಏರಿಸಿಕೊಂಡರು, ಸೆರಗು ಬಿಗಿದರು, ಕುರ್ಚಿ ಮುಂದಕ್ಕೆಳೆದು ಕೂತರು.

"ಅಳಿಯಂದಿರೇ, ಏಳಿ. ಇನ್ಮೇಲೆ ನಾನು ಹೂಂ ಅಂದಾಗ ನೀವು ಬೆಡ್‌ಶೀಟ್ ಎತ್ತಬೇಕು. ಬೇರೇನೂ ಯೋಚನೆ ಮಾಡಬೇಡಿ. ತಿಳೀತಾ?"

ನಾನು ಬಾಯಿ ಬಿಡಲಿಲ್ಲ. ತಲೆ ಮಾತ್ರ ಆಡಿಸಿದೆ.