ಹೊತ್ತು ಮುಳುಗಿದ ಮೇಲಿನ ನೀರು

ಅಥವಾ ಅದು ನಡೆದದ್ದು ಹುಕ್ಕೇರಿಯಲ್ಲಿ ಅಲ್ಲವೇನೋ. ನನ್ನ ತಲೆಯಲ್ಲಿ ಮಾತ್ರ ಅದು ಹುಕ್ಕೇರಿಯದೇ ಮನೆ: ಪಡಸಾಲೆಯಲ್ಲಿ ಹಾಸಿದ ಜಮಖಾನೆ, ಅದರ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ವರ. ಆದರೆ ಆ ವರ, ಅಂದರೆ ಈಗ ನನ್ನ ತಂಗಿಯ ಗಂಡ, ಒಪ್ಪುವುದಿಲ್ಲ. "ಮೂಡಲಗಿ ಅದು, ನಮ್ಮ ಮಾಮಾನ ಮನಿ. ಜಮಖಾನಿ ಗಿಮಖಾನಿ ಏನೂ ಇರಲಿಲ್ಲ. ಪ್ಲಾಸ್ಟಿಕ್ ಖುರ್ಚಿ" ಎನ್ನುತ್ತಾನೆ. ನಮ್ಮಿಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ಇಬ್ಬರದೂ ಸುಳ್ಳಾಗಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಆ ದಿನ ಕೇಳಿದ ಪ್ರಶ್ನೆಯ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ. ಹುಡುಗನ ನೌಕರಿ, ಹೊಲ, ಅಣ್ಣತಮ್ಮಂದಿರ ಪಾಲು ಎಲ್ಲವನ್ನೂ ಹಿರಿಯರು ಕೇಳಿ ಮುಗಿಸಿದ ಮೇಲೆ ನಮ್ಮ ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಹುಡುಗನನ್ನೇ ದಿಟ್ಟಿಸಿ ಕೇಳಿದರು:

"ದಿನಾ ಮುಂಜಾನಿ ಹೊಟ್ಟಿ ಸಾಫ್ ಆಗತೈತೇನಪಾ?"

ಚಹಾದ ತಾಟು ಹಿಡಿದು ಬರುತ್ತಿದ್ದ ಆ ಮನೆಯ ಹೆಣ್ಣುಮಗಳು ಬಾಗಿಲಲ್ಲೇ ನಿಂತಳು. ಹುಡುಗ ತನ್ನ ತಂದೆಯ ಮುಖ ನೋಡಿದ. ತಂದೆ ಛಾವಣಿ ನೋಡಿದರು. ಕೊನೆಗೆ ಹುಡುಗ ಸಣ್ಣ ದನಿಯಲ್ಲಿ, "ಆಗತೈತ್ರಿ" ಎಂದ.

ಕಾಕಾ ನನ್ನ ಅಪ್ಪನ ಕಡೆ ತಿರುಗಿ, "ಅಣ್ಣಾ, ಕೊಡು ಹುಡುಗಿನ. ಹೊಟ್ಟಿ ಸಾಫ್ ಇದ್ದಾಂವ ಹೆಂಡ್ತಿ ಮ್ಯಾಲ ಸಿಟ್ಟ ಮಾಡೂದಿಲ್ಲ" ಎಂದರು. ಮದುವೆ ಅಲ್ಲಿಗೇ ಗಟ್ಟಿಯಾಯಿತು. ಆ ದಿನ ಹೆದರಿಕೆಗೆ ಬೆಳಗಿನಿಂದ ಏನೂ ಆಗಿರಲಿಲ್ಲವೆಂಬ ಸತ್ಯವನ್ನು ತಂಗಿಯ ಗಂಡ ಬಾಯಿಬಿಟ್ಟದ್ದು ಎರಡು ಮಕ್ಕಳಾದ ಮೇಲೆ.

ಮನುಷ್ಯರ ನಡುವಿನ ಎಲ್ಲ ಜಗಳಕ್ಕೂ ಹೊಟ್ಟೆ ಕಟ್ಟುವುದೇ ಮೂಲ ಎಂದು ನಮ್ಮ ಕಾಕಾ ಮನಸಾರೆ ನಂಬಿದ್ದರು. ನಂಬದೆ ಏನು ಮಾಡಿಯಾರು? ಗೋಕಾಕಿನಲ್ಲಿ ಅವರದು ಪಂಪು ಮತ್ತು ಪೈಪಿನ ಅಂಗಡಿ. ತುಕ್ಕಾನಟ್ಟಿಯಲ್ಲಿ ನಮ್ಮದೊಂದಿಷ್ಟು ಹೊಲವಿದ್ದುದರಿಂದ ಆ ಕಡೆಯ ರೈತರೆಲ್ಲ ಅವರ ಗಿರಾಕಿಗಳು. ಮೋಟಾರು ಸುಟ್ಟಿತೆಂದು ಯಾರಾದರೂ ಬಂದರೆ ಕಾಕಾ ಮೊದಲು ಕೇಳುತ್ತಿದ್ದುದು, "ಪೈಪ್ ಕಟ್ಟೇತೇನ ನೋಡೀರೇನು?" ಎರಡನೆಯ ಪ್ರಶ್ನೆ ರೈತನ ಸ್ವಂತದ ಬಗ್ಗೆ. ಪೈಪಿನ ಜೊತೆಗೆ ಪುಕ್ಕಟೆ ಸಲಹೆ: ಎದ್ದ ಕೂಡಲೇ ಬಿಸಿ ನೀರು, ರಾತ್ರಿಯ ಊಟ ಬಂದ್, ಬಿಳಿ ಜೋಳದ ರೊಟ್ಟಿ ಬಿಡಬೇಡ, ಮೈದಾ ಮುಟ್ಟಬೇಡ. ಊರಲ್ಲಿ ಎಲ್ಲರೂ ಎದುರಾದವರಿಗೆ "ಊಟಾ ಆತ್ರಿ?" ಎಂದರೆ, ಕಾಕಾ ಮಾತ್ರ ಅದರ ಮುಂದಿನ ಹಂತವನ್ನು ವಿಚಾರಿಸುತ್ತಿದ್ದರು.

ಅವರ ಸ್ವಂತ ಹೊಟ್ಟೆ ಗಡಿಯಾರದಂತಿತ್ತು. ಬೆಳಿಗ್ಗೆ ಬಚ್ಚಲಿನ ಕಡೆಯಿಂದ ಬಂದವರೇ ಕಟ್ಟೆಯ ಮೇಲೆ ಕೂತು ಪೇಪರು ಬಿಚ್ಚಿ ದೊಡ್ಡ ದನಿಯಲ್ಲಿ ಬೈಯಲು ಶುರು ಮಾಡುತ್ತಿದ್ದರು. ಮಂತ್ರಿಗಳು, ಕ್ರಿಕೆಟ್ ಆಟಗಾರರು, ಹವಾಮಾನ ಇಲಾಖೆ, ಯಾರಿಗೂ ವಿನಾಯಿತಿಯಿಲ್ಲ. ಹಗುರಾದ ಮನುಷ್ಯನ ಬೈಗುಳ ಅದು, ಅದರಲ್ಲಿ ವಿಷವಿರುತ್ತಿರಲಿಲ್ಲ. ಆ ದನಿ ಈಗ ಎಲ್ಲಾದರೂ ಒಂದು ಸಲ ಕೇಳಿದರೆ ಸಾಕು ಎನಿಸುತ್ತದೆ. ಏನನ್ನು ಬೈಯುತ್ತಿದ್ದರು ಎನ್ನುವುದು ಒಂದೂ ನೆನಪಿಲ್ಲ. ದನಿಯೊಂದಿದೆ, ಮಾತುಗಳಿಲ್ಲ.

ನಾವು ಜೈನರು. ಕಾಕಾ ಹರೆಯದಲ್ಲೇ ಒಂದು ನೇಮ ತೆಗೆದುಕೊಂಡಿದ್ದರು: ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ಅವರ ಹೆಂಡತಿ, ನಮ್ಮ ಕಾಕುವಿನದೂ ಅದೇ ನೇಮ. ಬೇಸಿಗೆಯಲ್ಲಿ ಇದು ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಚಳಿಗಾಲದಲ್ಲಿ ಸೂರ್ಯ ಬೇಗ ಅಂಗಡಿ ಮುಚ್ಚುತ್ತಾನಲ್ಲ, ಆಗ ಕಾಕಾ ಗಿರಾಕಿಗಳನ್ನು ಅರ್ಧಕ್ಕೇ ಬಿಟ್ಟು ಊಟಕ್ಕೆ ಓಡುತ್ತಿದ್ದರು.

ಅಂಥ ಒಂದು ಚಳಿಗಾಲದಲ್ಲೇ ಅವರ ಕುತ್ತಿಗೆಯ ಬಾಜೂ ಗಂಟು ಕಾಣಿಸಿತು. ಪರೀಕ್ಷೆಗಳಾದವು. ಕಿಮೋ ಕೊಡಬೇಕೆಂದರು. ಆಸ್ಪತ್ರೆ ಬೆಳಗಾವಿಯಲ್ಲಿ. ಹತ್ತರಗಿಯ ಹತ್ತಿರ ಹೈವೇ ಹತ್ತುವ ಮೊದಲು ಕಾರು ನಿಲ್ಲಿಸಿ ಚಹಾ ಕುಡಿಯುವುದು ನಮ್ಮ ಪದ್ಧತಿಯಾಯಿತು. ಓಡಿಸುವವನು ನಾನು, ಹಿಂದೆ ಕಾಕು, ಮುಂದೆ ಕಾಕಾ. ಮೊದಲ ಸಲ ವಾರ್ಡಿನಲ್ಲಿ ಕೈಗೆ ಸಲಾಯಿನ್ ಹಚ್ಚಿಸಿಕೊಂಡು ಮಲಗಿದವರು ಸುಮ್ಮನಿದ್ದರೇ? ಆಚೆ ಈಚೆಯ ಮಂಚದವರನ್ನೆಲ್ಲ ವಿಚಾರಿಸಿದರು. ಅಲ್ಲಿ ಎಲ್ಲರದೂ ಅದೇ ಗೋಳಾಗಿತ್ತು. ತಮ್ಮ ಪ್ರಶ್ನೆಗೆ ಜನ ಇಷ್ಟು ಶ್ರದ್ಧೆಯಿಂದ, ಇಷ್ಟು ವಿವರವಾಗಿ ಉತ್ತರಿಸಿದ್ದು ಕಾಕಾನ ಜೀವನದಲ್ಲೇ ಮೊದಲ ಸಲ. ಹೊರಬರುವಾಗ ಮುಖದಲ್ಲಿ ಒಂದು ಕಳೆಯಿತ್ತು. "ಛಲೋ ಮಂದಿ" ಎಂದರು.

ಡಾಕ್ಟರ್ ಬಾಯಿ, ಅಂದರೆ ಆಸ್ಪತ್ರೆಯ ಡಾಕ್ಟರಮ್ಮ, ಮೊದಲೇ ಎಚ್ಚರಿಸಿದ್ದರು. "ಅಜ್ಜಾರ, ಈ ಔಷಧಿ, ಮತ್ತ ವಾಂತಿ ಆಗಬಾರದಂತ ಕೊಡೂ ಗುಳಿಗಿ, ಎರಡೂ ಕೂಡಿ ಕರುಳಿಗೆ ನಿದ್ದಿ ಬರಸ್ತಾವ. ದಿನಾ ಪೂರಾ ನೀರು ಕುಡೀರಿ. ತುಸು ಅಡ್ಡಾಡ್ರಿ. ಈ ಪುಡಿ ಮಲಗೂ ಮುಂದ ದೊಡ್ಡ ಗ್ಲಾಸ್ ನೀರಾಗ ಕಲಸಿ ತಗೋರಿ. ಕಟ್ಟತಂದ್ರ ನನಗ ಹೇಳ್ರಿ. ಮನ್ಯಾಗ ಎನಿಮಾ, ಔಡಲೆಣ್ಣಿ ಅಂತ ಏನೂ ಮಾಡಬ್ಯಾಡ್ರಿ. ನಿಮ್ಮ ರಕ್ತದಾಗ ಶಕ್ತಿ ಕಡಿಮಿ ಇರತೈತಿ, ನಂಜ ಏರತೈತಿ."

"ಮಲಗೂ ಮುಂದ ನೀರಿಲ್ರಿ" ಎಂದರು ಕಾಕಾ.

"ಔಷಧಿಗೂ ಇಲ್ಲೇನ್ರಿ?"

"ಔಷಧೀನೂ ನೀರಾಗ ಐತೆಲ್ರಿ."

ಡಾಕ್ಟರ್ ಬಾಯಿ ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ.

ಎರಡನೆಯ ಕಿಮೋ ಆದ ಮೇಲೆ ಕಾಕಾ ಯಾರನ್ನೂ ಏನನ್ನೂ ಕೇಳುವುದನ್ನು ಬಿಟ್ಟರು. ನಾನು ಹೋದೆ, ಕೇಳಲಿಲ್ಲ. ತುಕ್ಕಾನಟ್ಟಿಯಿಂದ ರೈತರು ನೋಡಲು ಬಂದರು, ಅವರನ್ನೂ ಕೇಳಲಿಲ್ಲ. ನಾವೇ ಕೇಳಿದರೆ, "ಆತು, ಛಲೋ ಆತು" ಎಂದು ಗೋಡೆಯ ಕಡೆ ತಿರುಗುತ್ತಿದ್ದರು. ಕಾಕು ಮಾತ್ರ ನಂಬಲಿಲ್ಲ.

"ಏನ್ ಆಗೇತಿ? ಪೇಪರ್ ಬಂದಂಗ ಬಿದ್ದೈತಿ. ಯಾರಿಗೂ ಬೈದಿಲ್ಲ" ಎಂದರು ನನ್ನ ಹತ್ತಿರ. "ಊರ ಮಂದೀದೆಲ್ಲಾ ಕೇಳಿದ ಮನಷ್ಯಾ, ತನ್ನದು ಹೇಳಾಕ ನಾಚಕೋತಾನ."

ಸುದ್ದಿ ಬಾಜೂ ಮನೆಯ ಚಾಚಾಗೆ ಹೋಯಿತು. ಚಾಚಾನದು ಹಣ್ಣಿನ ವ್ಯಾಪಾರ, ಕಾಕಾನ ಹರೆಯದ ಗೆಳೆಯ. ನೆನೆಹಾಕಿದ ಅಂಜೂರ ಹಿಡಿದು ಬಂದರು.

"ಅಂಜೂರ ನಮಗ ನಡ್ಯಾಂಗಿಲ್ಲೋ. ಅದರಾಗ ಜೀವ ಇರತಾವ" ಎಂದರು ಕಾಕಾ.

"ಗಜ್ಜರಿ?"

"ನೆಲದಾಗಿಂದು. ಬ್ಯಾಡ."

"ಸಂಜಿ ಮುಂದ ಬಿಸಿ ಹಾಲು?"

"ಹೊತ್ತ ಮುಳುಗತೈತಿ."

ಚಾಚಾ ಖುರ್ಚಿ ಎಳೆದುಕೊಂಡು ಕೂತರು. "ಸಾವ್ಕಾರ, ನಿಮ್ಮ ಹೊಟ್ಟ್ಯಾಗ ಒಳಗ ಹೋಗಾಕನ ದಾರಿ ಇಲ್ಲ. ಹೊರಗ ಬರೂದಕ್ಕ ಎಲ್ಲಿಂದ ಇರಬೇಕು?"

ಕಾಕಾ ನಕ್ಕರು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಕೈ ಒತ್ತಿ ಹಿಡಿದುಕೊಂಡು ನಕ್ಕರು.

"ನೋಡ್ರಿ, ರೋಜಾದಾಗ ನಾವು ಹಗಲ ನೀರ ಬಿಡತೇವಿ, ನೀವು ರಾತ್ರಿ ಬಿಡತೀರಿ. ಇಬ್ರೂ ಕೂಡಿದ್ರ ಒಬ್ಬ ಪೂರಾ ಉಪವಾಸಿ ಆಗತಾನ. ಆದ್ರ ಬ್ಯಾನಿ ಇದ್ದಾಂವಗ ನಮ್ಮಲ್ಲಿ ಮಾಫಿ ಐತಿ."

"ನಮ್ಮಲ್ಲೂ ಐತಿ. ನನಗ ಬ್ಯಾಡ."

ಇದಕ್ಕೇನು ಮಾಡುವುದು? ಕುಡಿಯುವ ನೀರನ್ನೆಲ್ಲ ಹಗಲಲ್ಲೇ ಕುಡಿಸುವುದೆಂದು ತೀರ್ಮಾನವಾಯಿತು. ಆದರೆ ಕಿಮೋದ ದಣಿವಿಗೆ ಕಾಕಾ ಮಧ್ಯಾಹ್ನವೆಲ್ಲ ಮಲಗಿಬಿಡುತ್ತಿದ್ದರು. ಎದ್ದಾಗ ಬಿಸಿಲು ಕಿಟಕಿಯ ಕೆಳಗೆ ಇಳಿದಿರುತ್ತಿತ್ತು. ಹೊಲದಲ್ಲಿ ತ್ರೀ ಫೇಸ್ ಕರೆಂಟು ಹೋಗುವುದರೊಳಗೆ ಎಲ್ಲ ಮಡಿಗೂ ನೀರು ಹಾಯಿಸಲು ಓಡಾಡುತ್ತೇವಲ್ಲ, ಮನೆಯಲ್ಲಿ ಹಾಗೆ ಓಡಾಟ. ಕಾಕು ತಂಬಿಗೆ ತುಂಬಿಸುವವರು, ನಾನು ಗ್ಲಾಸು ಹಿಡಿಯುವವನು, ಚಾಚಾ ಕಟ್ಟೆಯ ಮೇಲೆ ನಿಂತು ಪಶ್ಚಿಮಕ್ಕೆ ನೋಡುತ್ತ, "ಇನ್ನೂ ಐತಿ, ಇನ್ನೂ ಐತಿ, ತುದಿ ಕಾಣಾಕತ್ತೈತಿ, ಹಾಕ್ರಿ" ಎಂದು ಕೂಗುವವರು. ಕಾಕಾ ಅರ್ಧ ಗ್ಲಾಸು ಕುಡಿದು, ಓಕರಿಕೆ ಬಂದು, ಕೈ ಅಡ್ಡ ಹಿಡಿಯುತ್ತಿದ್ದರು. "ಹೋತು" ಎಂದು ಚಾಚಾ ಕೆಳಗಿಳಿಯುತ್ತಿದ್ದರು. ಉಳಿದ ನೀರು ಹಾಗೇ ಉಳಿಯುತ್ತಿತ್ತು.

ಕಾಕು ಹುಕ್ಕೇರಿ ಕಡೆಯ ಬಸದಿಯೊಂದರಲ್ಲಿ ತಂಗಿದ್ದ ಮುನಿ ಮಹಾರಾಜರ ಹತ್ತಿರವೂ ಹೋಗಿ ಬಂದರು. ಜೀವಕ್ಕೆ ಕಷ್ಟವಿದ್ದಾಗ ಔಷಧಿ ತೆಗೆದುಕೊಳ್ಳಲಿ, ದೋಷವಿಲ್ಲ ಎಂದು ಅವರು ಹೇಳಿ ಕಳಿಸಿದರು. ಕಾಕಾ ಕೈಮುಗಿದು ಕೇಳಿಸಿಕೊಂಡು ಹೇಳಿದ್ದು:

"ಮಹಾರಾಜರು ದೊಡ್ಡವರು, ಮಾಫಿ ಮಾಡತಾರ. ನಾ ಸಣ್ಣಾಂವ. ನನಗ ನನ್ನ ಮಾಫಿ ಮಾಡಾಕ ಬರೂದಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ಹಟವೇಕೆಂದು ಕೇಳಿದೆ. ಅದು ಹತ್ತರಗಿಯ ಚಹಾದಂಗಡಿಯ ಮುಂದೆ, ಕಾರಿನೊಳಗೆ, ಕಾಕು ಇಳಿದುಹೋದಾಗ ಎಂದು ನೆನಪು. ಕಾಕಾ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡರು.

"ಕೂದಲಾ ಹೋತು. ಬಾಯಿ ರುಚಿ ಹೋತು. ಅಂಗಡಿಗೆ ಹೋಗಾಕ ಆಗೂದಿಲ್ಲ. ಈ ಬ್ಯಾನಿ ಎಲ್ಲಾ ತಗೊಂಡೈತಿ. ಇದೊಂದ ನನ್ನ ಕೈಯಾಗ ಐತಿ, ಬಿಡೋ."

ಇದೇ ಮಾತುಗಳಲ್ಲಿ ಹೇಳಿದರೋ, ನಾನು ಆಮೇಲೆ ಇಷ್ಟು ಜೋಡಿಸಿದೆನೋ, ಖಾತ್ರಿಯಿಲ್ಲ. "ಬಿಡೋ" ಎಂದದ್ದು ಮಾತ್ರ ಖಾತ್ರಿ.

ಮೂರನೆಯ ಕಿಮೋ ಹತ್ತಿರ ಬಂದಾಗ ಹೊಟ್ಟೆ ಕಲ್ಲಾಗಿತ್ತು. ಕಾಕಾ ಬಗ್ಗಿಕೊಂಡೇ ನಡೆಯುತ್ತಿದ್ದರು. ನಾನು ಡಾಕ್ಟರ್ ಬಾಯಿಗೆ ಫೋನು ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ವಾಂತಿ ಇದೆಯೇ, ವಾಯು ಹೋಗುತ್ತಿದೆಯೇ ಎಂದು ಕೇಳಿದರು. ಹಗಲು ಕೊಡಲು ಒಂದು ಸಿರಪ್ಪು ಬರೆಸಿದರು. ರಾತ್ರಿಯ ಪುಡಿ ಬೇಕೇ ಬೇಕು, ನಾಳೆಯೊಳಗೆ ಆಗದಿದ್ದರೆ ಕರೆದುಕೊಂಡು ಬನ್ನಿ, ಹೀಗಿದ್ದರೆ ಮುಂದಿನ ಕಿಮೋ ಕೊಡಲಾಗುವುದಿಲ್ಲ ಎಂದರು.

ಫೋನಿನ ಮಾತನ್ನು ಕಾಕು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಹೋಗಿ ತಣ್ಣಗೆ ಹೇಳಿದರು:

"ಕೇಳ್ರಿಲ್ಲಿ. ನೀವು ಆ ಪುಡಿ ನೀರ ಕುಡ್ಯೂತನಕ ನಾ ಹಗಲೂ ನೀರ ಮುಟ್ಟೂದಿಲ್ಲ."

ಮುಂಜಾನೆ ಶುರುವಾದದ್ದು ಮಧ್ಯಾಹ್ನವಾಯಿತು. ಕಾಕು ರೊಟ್ಟಿ ಬಡಿದರು, ನೀರು ಕಾಯಿಸಿ ಸೋಸಿಟ್ಟರು, ಮುಟ್ಟಲಿಲ್ಲ. ತುಟಿ ಒಣಗಿದ್ದು ನಮಗೆ ಕಾಣುತ್ತಿತ್ತು. ಕಾಕಾ ಸಿರಪ್ಪು ಕುಡಿದರು, ಹಗಲಿನ ನೀರನ್ನೂ ಎಂದಿಗಿಂತ ಹೆಚ್ಚು ಕುಡಿದರು. ಪುಡಿಯನ್ನೂ ಹಗಲಲ್ಲೇ ಕೊಡೆಂದರು. "ಮಲಗೂ ಮುಂದ ಅಂತ ಹೇಳ್ಯಾರ" ಎಂದು ಕಾಕು ಪುಡಿಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡರು. ಹೊತ್ತು ಮುಳುಗಿತು. ಆಗ ಚಾಚಾಗೆ ಹೊಳೆಯಿತು.

"ಅಲ್ಲ ವೈನಿ, ಇನ್ನ ಅವರು ಕುಡದ್ರೂ ನೀವು ನಾಳಿ ಹೊತ್ತ ಹೊಂಡೂತನಕ ಕುಡ್ಯಾಂಗಿಲ್ಲಲ್ರಿ? ನಿಮ್ಮದೂ ನೇಮಾ ಐತಿ."

ಕಾಕು ಇದನ್ನು ಯೋಚಿಸಿಯೇ ಇರಲಿಲ್ಲ. "ಹೂಂ. ಇರಲಿ" ಎಂದರು. ಮಂಚದ ಮೇಲಿಂದ ಕಾಕಾ ಅವರನ್ನೇ ನೋಡುತ್ತಿದ್ದರು.

ಕಾಕು ದೀಪ ಹಚ್ಚಿದರು. ದೊಡ್ಡ ಗ್ಲಾಸಿನಲ್ಲಿ ಪುಡಿ ಕಲಸಿ ಮಂಚದ ಬಾಜೂ ಸ್ಟೂಲಿನ ಮೇಲಿಟ್ಟರು. ನಮ್ಮನ್ನೆಲ್ಲ ಹೊರಗೆ ಕರೆದರು. "ಯಾರೂ ನೋಡಬ್ಯಾಡ್ರಿ ಅವರನ್ನ" ಎಂದು ಬಾಗಿಲು ಎಳೆದುಕೊಂಡು, ಕಟ್ಟೆಯ ಮೇಲೆ ಮನೆಗೆ ಬೆನ್ನು ಹಾಕಿ ಕೂತರು. ಅವರ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಚಾಚಾ. ಮೂವರೂ ಬೀದಿಯನ್ನು ನೋಡುತ್ತ ಕೂತೆವು. ಯಾವುದೋ ಗಾಡಿ ಹೋಯಿತು. ಯಾರೋ "ಯಾಕ್ರಿ, ಎಲ್ಲಾರೂ ಹೊರಗ?" ಎಂದರು. "ಗಾಳಿಗೆ" ಎಂದರು ಚಾಚಾ. ಚಳಿಗೆ ಮೂವರ ಹಲ್ಲೂ ಕಟಕಟ ಎನ್ನುತ್ತಿತ್ತು.

ಮೊದಲು ನಾನು ಒಳಗೆ ಹೋದಾಗ ಗ್ಲಾಸು ಖಾಲಿ. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕಾಕು ಗ್ಲಾಸು ತೊಳೆದಿಟ್ಟರು. ಮರುದಿನ ಹೊತ್ತು ಹುಟ್ಟಿದ ಮೇಲೆ, ಏನೂ ಕೇಳದೆ, ನೀರು ಕುಡಿದರು.

ಅದೇ ಬೆಳಿಗ್ಗೆ ಪೇಪರಿನ ಬೈಗುಳ ಕೇಳಿಸಿತು. ಇಡೀ ಓಣಿ ಕಿವಿಗೊಟ್ಟಿತು. ಚಾಚಾ ಮಿಠಾಯಿ ಅಂಗಡಿಯಿಂದ ಕರದಂಟು ತರಿಸಿ ಹಂಚಿದರು. "ಏನ್ ವಿಶೇಷರಿ, ಮೊಮ್ಮಗ ಹುಟ್ಟಿದ್ನೇನು?" ಎಂದವರಿಗೆಲ್ಲ ಗಂಭೀರವಾಗಿ, "ಇಲ್ಲ, ಸಾವ್ಕಾರಗ ಹೊಟ್ಟಿ ಸಾಫ್ ಆತು" ಎಂದರು. ತೆಗೆದುಕೊಂಡವರಲ್ಲಿ ಕೆಲವರು ಕೈಯಲ್ಲಿದ್ದ ಕರದಂಟನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ತಿಂದರು. ಕಾಕಾ ಮೂಡಲಗಿಗೆ, ಹುಕ್ಕೇರಿಗೆ, ತಂಗಿಯ ಗಂಡನಿಗೆ, ಎಲ್ಲರಿಗೂ ತಾವೇ ಫೋನು ಮಾಡಿದರು. ಕಿಮೋ ಮುಂದುವರಿಯಿತು. ಅವರು ಅಂಗಡಿಗೂ ಹೋದರು. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ನಮ್ಮ ಜೊತೆ ಇದ್ದರು. ಆಮೇಲೆ ಗಂಟು ಮತ್ತೆ ಬಂತು, ಈ ಸಲ ಔಷಧಿಗೆ ಜಗ್ಗಲಿಲ್ಲ.

ಆ ಸಂಜೆಯ ಬಗ್ಗೆ ಅವರಿದ್ದಷ್ಟು ದಿನ ಯಾರೂ ಅವರನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕುಡಿದೇ ಕುಡಿದಿದ್ದಾರೆ ಎಂದು ಚಾಚಾ ಆಣೆ ಮಾಡುತ್ತಾರೆ. ನನಗೆ ಕಿಟಕಿಯ ಕಟ್ಟೆ ಒದ್ದೆಯಾಗಿದ್ದ ಹಾಗೆ ನೆನಪಿದೆ. ಆದರೆ ಜಮಖಾನೆಯೂ ನನಗೆ ನೆನಪಿದೆ. ಹೊಟ್ಟೆ ಸಡಿಲವಾದದ್ದು ಹಗಲಿನ ಸಿರಪ್ಪಿನಿಂದಲೂ ಆಗಿರಬಹುದು ಎಂದು ಡಾಕ್ಟರ್ ಬಾಯಿ ಆಗಲೇ ಹೇಳಿದ್ದರು.

ಹೋದ ವಾರ ಗೋಕಾಕಿಗೆ ಹೋಗಿದ್ದೆ. ಬೆಳಕು ಇಳಿಯುವ ಹೊತ್ತು. ಕಾಕು ಆ ದಿನದ ಕೊನೆಯ ನೀರು ಕುಡಿದು ತಂಬಿಗೆ ಬೋರಲು ಹಾಕಿದರು. ಆಮೇಲೆ, ನಾನು ಕೇಳದಿದ್ದರೂ, ಹೇಳಿದರು:

"ಕುಡದಿದ್ರ ನನ್ನ ಸಲುವಾಗಿ ಕುಡದಾರ. ಚೆಲ್ಲಿದ್ರ ಅವರ ನೇಮಾ ಅವರ ಜೋಡಿ ಹೋತು. ನನಗ ಎರಡೂ ಬೇಕಾಗೇತಿ, ನೋಡು. ನೀ ಮೊದಲ ಒಳಗ ಹೋದಾಂವ. ನಿನಗೇನರ ಕಂಡಿತ್ತೇನು?"

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.