ಏನೂ ಬೆಳೆಯದವನ ಶಾಲು

ಆ ಶನಿವಾರ ಅಮೆರಿಕದ ನಮ್ಮ ಬೆಲ್ವ್ಯೂ ಊರಿನ ಕ್ರಾಸ್‌ರೋಡ್ಸ್‌ನಲ್ಲಿರುವ ವಸಂತನ ಮನೆಯಲ್ಲಿ ನಾವು ನಾಲ್ವರು ಕಾಫಿಗೆ ಕೂತಿದ್ದೆವು: ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ವಸಂತ, ನಾನು, ನನ್ನ ಹೆಂಡತಿ ಪದ್ಮ, ಮತ್ತು ಡೌನ್‌ಟೌನ್ ಬೆಲ್ವ್ಯೂನಲ್ಲಿ ಮೋಡಕ್ಕೆ ತಾಗುವ ಮಹಡಿಯಲ್ಲಿರುವ ನಾಗರಾಜ. ಅವನ ಮನೆಯಲ್ಲಿ ತುಳಸಿಯೂ ಪ್ಲಾಸ್ಟಿಕ್ಕಿನದು. ಮುಚ್ಚಿಡುವುದೇಕೆ, ನಾನು ಹೋದದ್ದು ಶಾಲಿನ ಆಸೆಗೆ. ಪ್ರತಿ ಸಂಕ್ರಾಂತಿಗೆ ನಮ್ಮ ಕೂಟ ಒಬ್ಬ ರೈತನಿಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸುತ್ತದೆ. ಎಲ್ಲರೂ ಸಾಫ್ಟ್‌ವೇರಿನವರೇ ಆದ್ದರಿಂದ ಹಿತ್ತಲಲ್ಲಿ ನಾಲ್ಕೆಲೆ ಮೆಂತ್ಯ ಬೆಳೆದವನೂ ನಮಗೆ ರೈತನೇ. ನಾನಾದರೋ ಬಡಾವಣೆಯ ಸಾಮೂಹಿಕ ತೋಟದಲ್ಲಿ ಒಂದು ಪಾತಿ ಹಿಡಿದು, ಈ ಚಳಿಯ ಊರಿನಲ್ಲಿ ಅವರೆ ಬಳ್ಳಿಗೆ ಕೂಸಿಗೆ ಹೊದಿಸುವಂತೆ ಹೊದಿಕೆ ಹೊದಿಸಿ, ಒಂದು ಹಿಡಿ ಕಾಳು ಬೆಳೆದಿದ್ದೆ.

"ಈ ಸಲ ಶಾಲು ನಿಮಗೇ ಸಾರ್, ಡೌಟೇ ಇಲ್ಲ" ಎಂದ ವಸಂತ.

ನಿಪ್ಪಟ್ಟು ಕಡಿಯುತ್ತಿದ್ದ ನಾಗರಾಜ ತಲೆ ಎತ್ತಿದ. "ಶಾಲು ರೈತರಿಗಾ? ಹಂಗಾದ್ರೆ ನಾನೂ ಇದೀನಲ್ಲ. ನಂಗೆ ವರ್ಷಾ ವರ್ಷಾ ಗವರ್ನಮೆಂಟಿಂದ ಫಾರ್ಮ್ ಸಬ್ಸಿಡಿ ಬರುತ್ತೆ."

ನಾನು ಕಡಿದ ನಿಪ್ಪಟ್ಟನ್ನು ತಟ್ಟೆಗೆ ವಾಪಸು ಇಟ್ಟೆ. "ನಿಂಗಾ? ಏನು ಬೆಳೀತೀಯೋ?"

"ಏನೂ ಇಲ್ಲ. ಅದಕ್ಕೇ ಕೊಡೋದು."

ವಿಷಯ ಇಷ್ಟು. ಬೆಟ್ಟದಾಚೆಯ ಗೋಧಿ ಸೀಮೆಯಲ್ಲಿ ಅವನೂ ಆಫೀಸಿನ ಇಬ್ಬರು ಗೆಳೆಯರೂ ಸೇರಿ ಜಮೀನು ಕೊಂಡಿದ್ದಾರೆ. ಮಣ್ಣು ಗಾಳಿಗೆ ಹಾರಿಹೋಗದಿರಲೆಂದು ಬೆಳೆ ಇಡದೆ ಹುಲ್ಲು ಬಿಟ್ಟರೆ ಸರ್ಕಾರ ದುಡ್ಡು ಕೊಡುತ್ತದೆ. ಚಿಕ್ಕವನಿದ್ದಾಗ ನಾನು ಜಗಲಿಯಲ್ಲಿ ಕಾಲಾಡಿಸುತ್ತಾ ಕೂತರೆ ನಮ್ಮಜ್ಜಿ, "ಸುಮ್ನೆ ಕೂತ್ರೆ ಯಾರ್ ಮಗಾ ದುಡ್ ಕೊಡ್ತಾರೆ?" ಎನ್ನುತ್ತಿದ್ದರು. ಅಂಥವರಿದ್ದಾರೆಂದು ತಿಳಿದದ್ದು ಈ ವಯಸ್ಸಿನಲ್ಲಿ!

"ಆ ಜಮೀನು ನೋಡಿದೀರಾ?" ಎಂದಳು ಪದ್ಮ.

"ಮ್ಯಾಪಲ್ಲಿ ನೋಡಿದೀನಿ ಅತ್ತಿಗೆ, ಚೆನ್ನಾಗಿದೆ. ನಾನೊಬ್ನೇ ಅಲ್ಲ, ನಮ್ ಬಿಲ್ಡಿಂಗಲ್ಲೇ ಇನ್ನೊಬ್ರು ಡೆಂಟಿಸ್ಟ್ ಇದಾರೆ. ಅವರಿಗೂ ಬರುತ್ತೆ. ಲಿಫ್ಟಲ್ಲಿ ಸಿಕ್ಕಾಗ ಇಬ್ರೂ ಮಳೆ ಬಗ್ಗೆ ಮಾತಾಡ್ತೀವಿ."

ಸಬ್ಸಿಡಿ ಎಂದರೆ ಕೆಸರು ಮೆತ್ತಿದ ಕಾಲಿನವರಿಗೆ ಸೇರುವುದೆಂದು ನಾನು ನಂಬಿದ್ದೆ. ಅದು ಲಿಫ್ಟ್ ಹತ್ತಿ ಬರುತ್ತದೆಯೆ? ತತ್ತರಿಸಿದ ನಾನು ವಸಂತನ ಕಡೆ ತಿರುಗಿ, "ನಾನು ಬೆವರು ಸುರಿಸಿದೀನಪ್ಪಾ" ಎಂದೆ.

ಅವನಿಗೆ ನಿಜಕ್ಕೂ ಸಂಕಟವಾಯಿತು. "ಬೇಜಾರ್ ಮಾಡ್ಕೋಬೇಡಿ ಸಾರ್. ನಿಮ್ಮನ್ನ ರೈತ ಅಂತ ಅಂದಿರೋದು ನಾವು. ಇವರನ್ನ ಅಮೆರಿಕಾ ಸರ್ಕಾರನೇ ಅಂದಿದೆ."

ಕೊನೆಯ ಆಸರೆಯೆಂದು ಹೆಂಡತಿಯ ಮುಖ ನೋಡಿದೆ. "ನ್ಯಾಯವಾಗೇ ಇದೆ ಬಿಡಿ. ನಿಮ್ಮ ಅವರೆಕಾಳಲ್ಲಿ ಹುಳಿ ಮಾಡಿದ್ನಲ್ಲ, ಸೌಟಾಡಿಸಿದ್ರೂ ಒಂದು ಕಾಳು ಸಿಗ್ಲಿಲ್ಲ" ಎಂದಳು.

ಸಂಕ್ರಾಂತಿಯ ದಿನ ಶಾಲು ನಾಗರಾಜನ ಹೆಗಲೇರಿತು. ಪೇಟದ ತಟ್ಟೆ ಹಿಡಿದು ನಿಂತವನು ನಾನು. ಅವನು ಮೈಕ್ ಹಿಡಿದು ಭೂತಾಯಿಯ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ, ಹಾಳಾದ್ದು, ನನ್ನ ಕಣ್ಣೂ ಒದ್ದೆಯಾಯಿತು.

ವಸಂತಕಾಲ ಬಂತು. ನಾನು ಬೀಜ ಬಿತ್ತಲಿಲ್ಲ. ಪದ್ಮ ಕೇಳಿದಾಗ, "ಮಣ್ಣು ಕಾಪಾಡ್ತಿದೀನಿ" ಎಂದೆ. ಹುಲ್ಲು ಮೊಣಕಾಲುದ್ದ ಬಂದ ಮೇಲೆ ತೋಟ ನೋಡಿಕೊಳ್ಳುವಾಕೆ ಫೋನ್ ಮಾಡಿ, ಪಾತಿ ಪಾಳು ಬಿಟ್ಟವರಿಂದ ವಾಪಸು ಪಡೆದು, ಕಾಯುತ್ತಿರುವವರಿಗೆ ಕೊಡುವುದು ಇಲ್ಲಿಯ ನಿಯಮವೆಂದು ಬಹಳ ವಿನಯದಿಂದ ತಿಳಿಸಿದಳು. ಆ ಭಾನುವಾರ ನಾನು ಹೋಗಿ, ಹುಲ್ಲೆಲ್ಲ ಕಿತ್ತು, ಗೇಟಿನ ಬೀಗದ ಕೈ ಒಪ್ಪಿಸಿ ಬಂದೆ.