ಎಲ್ಲವನ್ನೂ ಜರುಗಿಸುವ ಸಾರ್

ನಮ್ಮ ಸಾರ್ ಕಣ್ಣಿಗೆ ಬಿದ್ದ ಯಾವ ವಸ್ತುವೂ ಇದ್ದ ಜಾಗದಲ್ಲೇ ಒಂದು ವಾರ ಉಳಿದದ್ದನ್ನು ನಾನಂತೂ ಕಂಡಿಲ್ಲ. ಕುರ್ಚಿ, ಕಪಾಟು, ನೀರಿನ ಕ್ಯಾನು, ಕೊನೆಗೆ ಗೋಡೆಯ ಮೇಲಿನ ಗಡಿಯಾರ, ಎಲ್ಲಕ್ಕೂ ಅವರ ಕೈಯಲ್ಲಿ ವರ್ಗಾವಣೆ ಗ್ಯಾರಂಟಿ. ಇಂಥವರಿಗೆ ಬಸವೇಶ್ವರನಗರದ ಬಾಡಿಗೆ ಮನೆ ಖಾಲಿ ಮಾಡಿ ಎಂದು ಓನರ್ ಆಂಟಿ ಹೇಳಿ ತಿಂಗಳುಗಟ್ಟಲೆ ಆಗಿದ್ದರೂ ಅಲ್ಲಿಂದ ಒಂದು ಚಮಚ ಕೂಡ ಅಲುಗಾಡಿರಲಿಲ್ಲ ಎಂದರೆ ನಂಬುತ್ತೀರಾ? ಊರವರ ಸಾಮಾನೆಲ್ಲ ಜರುಗಿಸುವ ಮನುಷ್ಯ ತಾವು ಮಾತ್ರ ಜರುಗಲೊಲ್ಲರು! ಅತ್ತ ಮನೆ ಒಡೆಯಲು ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಅವರಿಗೆ ತಲೆ ಕೆಟ್ಟಿದೆ ಎಂದು ಈಗಲೇ ತೀರ್ಮಾನಿಸಬೇಡಿ. ಜರುಗಿಸುವುದೇ ಅವರ ಉದ್ಯೋಗ, ಅದಕ್ಕೇ ಅವರಿಗೆ ಸಂಬಳ. ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ಸುಂಕದಕಟ್ಟೆಯಲ್ಲಿ ಅಮ್ಮ ಊದುಬತ್ತಿ ಹೊಸೆದು, ಅಪ್ಪ ಲೇತ್ ಮೆಷಿನ್ ಮುಂದೆ ನಿಂತು ಓದಿಸಿದ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿಗೆ ಫ್ರೇಮ್ ಹಾಕಿಸಿ ಗೋಡೆಗೆ ಮೊಳೆ ಹೊಡೆದವಳು ನಾನೇ ಮೊದಲು. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಬೇಕಾದರೆ ಎರಡು ಸಲ ಹೇಳುತ್ತೇನೆ.

ಆ ಡಿಗ್ರಿ ಓದಿ ಕಲಿತ ಕೆಲಸ ಏನು ಅನ್ನುತ್ತೀರಾ? ಕಂಪ್ಯೂಟರ್ ಪ್ರೋಗ್ರಾಮ್ ಎಂದರೆ ಸಾವಿರಾರು ಸಣ್ಣ ಸಣ್ಣ ಕೆಲಸಗಾರರ ಒಂದು ದೊಡ್ಡ ಗುಂಪು ಎಂದುಕೊಳ್ಳಿ. ಒಬ್ಬ ಇನ್ನೊಬ್ಬನನ್ನು ಕರೆಯುತ್ತಾನೆ, ಅವನು ಮತ್ತೊಬ್ಬನನ್ನು. ಇವರೆಲ್ಲ ಮೆಮೊರಿಯಲ್ಲಿ ಬಿದ್ದಲ್ಲಿ ಬಿದ್ದುಕೊಂಡಿರುತ್ತಾರೆ. ದಿನವಿಡೀ ಪರಸ್ಪರ ಕರೆಯುವ ಇಬ್ಬರಲ್ಲಿ ಒಬ್ಬ ರಾಜಾಜಿನಗರದಲ್ಲಿ, ಇನ್ನೊಬ್ಬ ಕೆಂಗೇರಿಯಲ್ಲಿ! ಪ್ರತಿ ಕರೆಗೂ ಪ್ರೊಸೆಸರ್ ಸುಮ್ಮನೆ ನಿಂತು ದಾರಿ ಕಾಯಬೇಕು. ಸಂಜೆ ಮಾಗಡಿ ರೋಡಿನಲ್ಲಿ ನಿಂತ ಆಟೋದ ಹಾಗೆ, ಇಂಜಿನ್ ಓಡುತ್ತಿರುತ್ತದೆ, ಗಾಡಿ ನಿಂತಿರುತ್ತದೆ. ಸಾರ್ ಮಾಡುವುದಿಷ್ಟೇ. ಪ್ರೋಗ್ರಾಮ್ ಓಡುತ್ತಿರುವಾಗಲೇ ಆಗಾಗ ಒಳಗೆ ಇಣುಕಿ, ಯಾರು ಯಾರನ್ನು ಹೆಚ್ಚು ಕರೆಯುತ್ತಾರೆ ಎಂದು ನೋಡಿ, ಅಂಥವರನ್ನು ಎತ್ತಿ ಒಂದೇ ಬೀದಿಯಲ್ಲಿ ಅಕ್ಕಪಕ್ಕ ಕೂರಿಸುವುದು. ಅಪರೂಪಕ್ಕೊಮ್ಮೆ ಕರೆಸಿಕೊಳ್ಳುವವರನ್ನು ಊರಾಚೆ ಕಳಿಸುವುದು. ಕೆಲಸಗಾರರು ಅವರೇ, ಕೆಲಸವೂ ಅದೇ. ಜಾಗ ಬದಲಾಯಿತು ಅಷ್ಟೇ, ಪ್ರೋಗ್ರಾಮ್ ಮಾತ್ರ ಕುದುರೆಯಂತೆ ಓಡುತ್ತದೆ.

ಇದನ್ನು ನಾನು ಅಮ್ಮನಿಗೆ ಬಿಡಿಸಿ ಹೇಳಿದಾಗ ಅವಳು ಕೆನ್ನೆಗೆ ಕೈಯಿಟ್ಟುಕೊಂಡಳು. "ಇದ್ದಿದ್ದನ್ನ ಅಲ್ಲಿಂದ ಇಲ್ಲಿಗೆ ಇಡೋಕೆ ಸಂಬಳ ಕೊಡ್ತಾರಾ? ನಿಮ್ಮಪ್ಪ ಆ ಬೀರುನ ಎಷ್ಟು ಸಲ ಜರುಗಿಸಿದಾರೆ, ಒಬ್ರೂ ಒಂದು ಟೀ ಕೊಡ್ಸಲಿಲ್ವಲ್ಲೇ!"

ಸಾರ್ ಕೆಲಸವನ್ನು ಕಂಪ್ಯೂಟರಿನಲ್ಲೇ ಬಿಟ್ಟು ಬರುವವರಾಗಿದ್ದರೆ ನಾನು ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಒಮ್ಮೆ ನಮ್ಮ ಆಫೀಸಿನಲ್ಲಿ ಯಾರು ಯಾರ ಮೇಜಿಗೆ ಎಷ್ಟು ಸಲ ಹೋಗುತ್ತಾರೆ ಎಂದು ಗಮನಿಸಿ ಎಲ್ಲರ ಕುರ್ಚಿಗಳನ್ನೂ ಬದಲಾಯಿಸಿಬಿಟ್ಟರು. ಅತಿ ಹೆಚ್ಚು ಓಡಾಟವಿದ್ದದ್ದು ಇಬ್ಬರ ನಡುವೆ. ಅವರನ್ನು ಮೊಣಕೈಗೆ ಮೊಣಕೈ ತಾಗುವಂತೆ ಕೂರಿಸಿದರು. ಅವರಿಬ್ಬರೂ ಅಷ್ಟು ಸಲ ಓಡಾಡುತ್ತಿದ್ದದ್ದು ಜಗಳವಾಡಲು ಎಂಬುದು ಇಡೀ ಆಫೀಸಿಗೆ ಗೊತ್ತಿತ್ತು, ಸಾರ್ ಒಬ್ಬರನ್ನು ಬಿಟ್ಟು!

"ಸಾರ್, ಈಗ ಇಡೀ ದಿನ ಜಗಳ ಆಗ್ತಾ ಇದೆ," ಎಂದೆ.

"ಒಂದೊಂದು ಜಗಳ ಎಷ್ಟು ಬೇಗ ಮುಗೀತಾ ಇದೆ ನೋಡಿದ್ಯಾ? ಮುಂಚೆ ನಡ್ಕೊಂಡು ಹೋಗೋ ಟೈಮೇ ವೇಸ್ಟ್ ಆಗ್ತಿತ್ತು," ಎಂದರು, ಬಹಳ ತೃಪ್ತಿಯಿಂದ.

ಇನ್ನು ಅವರ ಮನೆ ಮೂಲೆಯ ದಿನಸಿ ಅಂಗಡಿಯ ಕಥೆ. ಅಂಗಡಿಯ ಅಣ್ಣ ತೊಗರಿಬೇಳೆಗೆ ಒಂದು ಮೂಲೆ, ಸಾಂಬಾರ್ ಪುಡಿಗೆ ಇನ್ನೊಂದು ಮೂಲೆ ಎಂದು ಓಡಾಡುವುದು ಸಾರ್‌ಗೆ ಸಹಿಸಲಾಗಲಿಲ್ಲ. ಬೇಳೆ ಕೊಂಡವರು ಪುಡಿಯನ್ನೂ ಕೇಳುತ್ತಾರೆ, ಎರಡನ್ನೂ ಒಟ್ಟಿಗಿಡು ಎಂದು ಗಂಟುಬಿದ್ದರು.

"ಆಯ್ತು ಸಾರ್, ಭಾನುವಾರ ಅಂಗಡಿ ಮುಚ್ಚಿ ಜೋಡಿಸ್ತೀನಿ," ಎಂದ ಆ ಅಣ್ಣ.

"ಮುಚ್ಚಿ ಜೋಡಿಸೋದಾದ್ರೆ ಯಾರು ಬೇಕಾದ್ರೂ ಜೋಡಿಸ್ತಾರೆ ಕಣಪ್ಪ! ವ್ಯಾಪಾರ ನಡೀತಾನೇ ಇರ್ಬೇಕು. ಗಿರಾಕಿಗೆ ಗೊತ್ತೇ ಆಗ್ಬಾರ್ದು. ಅದೇ ವಿದ್ಯೆ!"

ಸಂಜೆಯ ಹೊತ್ತು, ಅಂಗಡಿಯ ತುಂಬ ಜನ, ಸಾರ್ ಪ್ಯಾಂಟು ಮಡಿಚಿಕೊಂಡು ಡಬ್ಬ ಎತ್ತಿದರು. ಒಬ್ಬ ಹೆಂಗಸು ಕಾಲು ಕೆಜಿ ಸಕ್ಕರೆ ಕೇಳಿದಳು. ಅಣ್ಣನ ಕೈ ಅಭ್ಯಾಸಬಲದಿಂದ ಹಳೆಯ ಜಾಗಕ್ಕೆ ಹೋಯಿತು, ಕಣ್ಣು ಚಿಲ್ಲರೆಯ ಮೇಲಿತ್ತು, ಪೊಟ್ಟಣ ಕಟ್ಟಿ ಕೊಟ್ಟೇಬಿಟ್ಟ. ಅಷ್ಟು ಹೊತ್ತಿಗೆ ಆ ಜಾಗಕ್ಕೆ ಉಪ್ಪು ಬಂದು ಕೂತಿತ್ತು! ಮರುದಿನ ಆ ಹೆಂಗಸು ಪಾಯಸದ ಪಾತ್ರೆ ಸಮೇತ ಅಂಗಡಿಗೆ ಬಂದಳಂತೆ. ಸಾರ್ ಮಾತ್ರ ಪಶ್ಚಾತ್ತಾಪವೇ ಇಲ್ಲದೆ ಅದನ್ನೇ ನನಗೆ ಪಾಠ ಮಾಡಿದರು. "ನೋಡಮ್ಮ, ಓಡೋ ಪ್ರೋಗ್ರಾಮಲ್ಲೂ ಇದೇ ಅಪಾಯ. ಒಂದನ್ನ ಜರುಗಿಸಿದ್ಮೇಲೆ ಹಳೇ ಜಾಗದಲ್ಲಿ 'ಆ ಕಡೆ ಹೋಗಿ' ಅಂತ ಒಂದು ಚೀಟಿ ಬಿಟ್ಟಿರ್ಬೇಕು. ಗೊತ್ತಿಲ್ದೆ ಬರೋರು ಇದ್ದೇ ಇರ್ತಾರೆ."

ಭಾನುವಾರ ಬಂತೆಂದರೆ ಇನ್ನೊಂದು ಕಾಟ. ಹೊತ್ತಲ್ಲದ ಹೊತ್ತಿನಲ್ಲಿ ಫೋನು.

"ಏನ್ ಮಾಡ್ತಾ ಇದೀಯಮ್ಮ?"

"ಬಟ್ಟೆ ಒಣಗ್ ಹಾಕ್ತಾ ಇದೀನಿ ಸಾರ್."

"ಹಾಂ. ಸರಿ."

ಅಷ್ಟೇ, ಫೋನ್ ಕಟ್! ಓಡುವ ಪ್ರೋಗ್ರಾಮನ್ನು ಅಳೆಯುವ ರೀತಿಯೂ ಹೀಗೆಯೇ. ಯಾವ್ಯಾವುದೋ ಕ್ಷಣದಲ್ಲಿ ತಟ್ಟಿ 'ಈಗ ಎಲ್ಲಿದ್ದೀಯ' ಎಂದು ಕೇಳುವುದು. ಸಾರ್ ನನ್ನನ್ನೂ ಅಳೆಯುತ್ತಿದ್ದಾರೆ ಎಂದು ನಾವು ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಅಮ್ಮ ಮಾತ್ರ ಒಂದು ಭಾನುವಾರ ನಗುತ್ತಿದ್ದವಳು ನಿಲ್ಲಿಸಿ ಕೇಳಿದಳು, "ಅವ್ರನ್ನ ಯಾರಾದ್ರೂ ಹಾಗೆ ಕೇಳ್ತಾರೇನೇ?"

ನನಗೆ ಗೊತ್ತಿರಲಿಲ್ಲ. ಒಬ್ಬರೇ ಇದ್ದಾರೆ ಎಂಬುದೊಂದು ಗೊತ್ತಿತ್ತು. ಆಫೀಸು ಖಾಲಿಯಾದ ಮೇಲೂ ಅವರ ಮೇಜಿನ ಮೇಲೊಂದು ದೀಪ ಉರಿಯುವುದು ಗೊತ್ತಿತ್ತು.

ಓನರ್ ಆಂಟಿಯೇ ಒಂದು ದಿನ ಎಲ್ಲಿಂದಲೋ ನನ್ನ ನಂಬರ್ ಹಿಡಿದು ಫೋನ್ ಮಾಡಿದರು. ಆ ಬೀದಿ ಹೊಲವಾಗಿದ್ದಾಗಿನಿಂದ ಅಲ್ಲೇ ಇರುವ ಮನೆಯವರು. ದನಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವಂಥದ್ದು. "ನೋಡವ್ವ, ನಾನು ಕೆಟ್ಟೋಳಲ್ಲ. ಕೇಳಿದಾಗೆಲ್ಲ 'ನೋಡೋಣ' ಅಂತಾರೆ. ಗೋಡೆ ಬೀಳೋವಾಗ್ಲೂ ಒಳಗೆ ಕೂತು 'ನೋಡೋಣ' ಅಂತಾರೇನೋ ಅಂತ ನಂಗೆ ಭಯ. ಬಂದು ನಾಲ್ಕು ಮಾತು ಹೇಳು."

ಹೋದೆ. ಅಷ್ಟು ವರ್ಷಗಳಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು. ಸಾರ್ ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದರು. ಹಿಂದೆಯೇ ಹೋದ ನನಗೆ ನಗು ತಡೆಯಲಾಗಲಿಲ್ಲ. ಆರಡಿ ಎತ್ತರದ ಮನುಷ್ಯ, ಅವರ ತೊಡೆಯ ಮಟ್ಟಕ್ಕೂ ಬರದ ಅಡುಗೆಕಟ್ಟೆ! ಲಾರಿ ಗುದ್ದಿದ ಲೈಟ್ ಕಂಬದಂತೆ ಬಾಗಿ ಹಾಲು ಕಾಯಿಸುತ್ತಿದ್ದಾರೆ. ಸಕ್ಕರೆ ಡಬ್ಬ, ಕಾಫಿಪುಡಿ, ಸೌಟು, ಸಾಸಿವೆ, ಎಲ್ಲವೂ ಮೊಣಕಾಲ ಸುತ್ತಮುತ್ತ. ಮೇಲಿನ ಕಪಾಟುಗಳಲ್ಲಿ ಒಂದು ಬೆಂಕಿಪೊಟ್ಟಣ ಕೂಡ ಇಲ್ಲ. ನಡುವೆ ನಮ್ಮ ಆಫೀಸಿನಲ್ಲಿ ಇರುವಂಥದ್ದೇ ಒಂದು ಚಕ್ರದ ಕುರ್ಚಿ. ಸಾರ್ ಅದರಲ್ಲಿ ಕೂರುತ್ತಿರಲಿಲ್ಲ. ಬಾಗಿದಾಗಲೆಲ್ಲ ಅದಕ್ಕೆ ತಾಗದಂತೆ ಪಕ್ಕಕ್ಕೆ ಸರಿದು ಬಾಗುತ್ತಿದ್ದರು.

ನನ್ನ ನಗು ಅಲ್ಲಿಗೇ ನಿಂತಿತು. ಹೊರಗೆ ಬಂದಾಗ ಆಂಟಿ ದನಿ ತಗ್ಗಿಸಿ ಹೇಳಿದರು. ಸಾರ್ ಹೆಂಡತಿಗೆ ಮಂಡಿನೋವು, ನಿಲ್ಲಲಾಗುತ್ತಿರಲಿಲ್ಲ. ಕೈಯಿಂದ ಅಡುಗೆ ಬಿಡಲು ಮನಸ್ಸಿಲ್ಲ. ಸಾರ್ ಕೆಲವು ದಿನ ಬಾಗಿಲಲ್ಲಿ ನಿಂತು ಆಕೆಯ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರಂತೆ. ಆಮೇಲೆ ಆಂಟಿಯನ್ನು ಕಾಡಿಬೇಡಿ ಕಟ್ಟೆ ಒಡೆಸಿ ತಗ್ಗಿಸಿದರಂತೆ. ಆಕೆ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದರೆ ಇಡೀ ಅಡುಗೆಮನೆ ಕೈಗೆ ಸಿಗಬೇಕು, ಹಾಗೆ. "ಅವ್ರು ತೀರ್ಕೊಂಡ್ಮೇಲೆ ಒಂದು ಡಬ್ಬಾನೂ ಜರುಗಿಲ್ಲ ಕಣವ್ವ."

ನಾನು ಮತ್ತೆ ಒಳಗೆ ಹೋದೆ. ನೇರ ಮಾತಾಡಿಯೇ ನನಗೆ ಅಭ್ಯಾಸ. "ಸಾರ್, ಹಳೇ ಅಳತೆ ಇಟ್ಕೊಂಡು ಜೋಡಿಸಿದ್ರೆ ಪ್ರೋಗ್ರಾಮ್ ನಿಧಾನ ಆಗುತ್ತೆ ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಅವರು ಹಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಮ್ಮ. ಈ ಮನೇಲಿ ವೇಗ ಯಾರಿಗ್ ಬೇಕು?"

ಡಿಗ್ರಿ ಓದಿದ್ದೇನೆ ಎಂದು ಹೇಳಿದೆನಲ್ಲ, ಅದನ್ನು ಬದಿಗಿಟ್ಟು ಮನೆಗೆ ಬಂದು ಅಪ್ಪ ಅಮ್ಮನಿಗೆ ಎಲ್ಲ ಹೇಳಿದೆ.

ನಮ್ಮ ಮನೆಯ ಮೇಲೆ ಅಪ್ಪ ಬಾಡಿಗೆಗೆಂದು ಕಟ್ಟಿಸಿದ ಒಂದು ಸಣ್ಣ ಮನೆ ಖಾಲಿಯಿತ್ತು. ಅಲ್ಲಿಗೆ ಬನ್ನಿ ಎಂದು ನಾನು ಫೋನಿನಲ್ಲಿ ಹೇಳಿದರೆ "ನೋಡೋಣ." ಅಪ್ಪ ಹೇಳಿದರೆ "ನೋಡೋಣ ಯಜಮಾನ್ರೇ." ಕೊನೆಗೆ ಅಮ್ಮ ಫೋನು ಕಿತ್ತುಕೊಂಡಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ. ನಮ್ಮಮ್ಮನಿಗೆ ಆ ಭಾಷೆಯೇ ಬರುವುದಿಲ್ಲ. "ಏನ್ ಸಾರ್, ನಮ್ ಬೀದೀಲಿ ಕಾವೇರಿ ನೀರು ಬೆಳಗ್ಗೆ ಸ್ವಲ್ಪ ಹೊತ್ತು ಬರೋದು. ನಾವಿಬ್ರೂ ಕೆಲ್ಸಕ್ಕೆ ಹೊರಟಿರ್ತೀವಿ, ಇವ್ಳು ಎದ್ದೇ ಇರಲ್ಲ. ಮೋಟ್ರು ಹಾಕೋಕೆ ಒಬ್ಬ ಮನುಷ್ಯ ಬೇಕಾಗಿದೆ. ಬರ್ತೀರೋ, ಇಲ್ಲ ಬೇರೆಯವ್ರಿಗೆ ಕೊಟ್ಬಿಡ್ಲೋ?"

ಆ ಕಡೆಯಿಂದ ಸಾರ್, "ಎಷ್ಟೊತ್ತಿಗೆ ಬರುತ್ತೆ ನೀರು?"

ಮುಂದಿನ ವಾರಾಂತ್ಯದಲ್ಲಿ ಟೆಂಪೋ ಬಂತು. ಸಾರ್ ಸಾಮಾನು ಇಳಿಸುವವರಿಗೆ ಪಾಠ ಮಾಡುತ್ತಾರೆ, ನಮ್ಮ ಮನೆಯ ಬೀರುವಿಗೂ ಇವತ್ತು ವರ್ಗಾವಣೆ ಎಂದು ನಾನು ಕಾಯುತ್ತಿದ್ದೆ. ಅವರು ಮೆಟ್ಟಿಲ ಬದಿಯಲ್ಲಿ ಸುಮ್ಮನೆ ನಿಂತಿದ್ದರು, ಯಾರದೋ ಮನೆಯ ಸಾಮಾನು ಹೋಗುತ್ತಿದೆ ಎಂಬಂತೆ. ಮಾರನೆಯ ಸಂಜೆ ಮೇಲೆ ಹತ್ತಿ ಹೋಗಿ ನೋಡಿದರೆ ರಟ್ಟಿನ ಡಬ್ಬಗಳಿಗೆ ಕಟ್ಟಿದ ಹಗ್ಗ ಹಾಗೇ ಇದೆ. ಕಪಾಟು, ಶೆಲ್ಫು ಎಲ್ಲ ಖಾಲಿ. ಸಾರ್ ಕಿಟಕಿಯ ಪಕ್ಕ ನೆಲದ ಮೇಲೆ ಕೂತಿದ್ದರು.

"ಏನ್ ಸಾರ್, ನೀವು ಒಂದೂ ಜೋಡಿಸಿಲ್ಲ ಅಂದ್ರೆ ಆಫೀಸಲ್ಲಿ ಯಾರೂ ನಂಬಲ್ಲ!"

"ಹೇಗಮ್ಮ ಜೋಡಿಸೋದು? ಮೊದಲು ಓಡ್ಬೇಕಲ್ಲ, ಏನೇನು ಬೇಕಾಗುತ್ತೆ ಅಂತ ಗೊತ್ತಾಗ್ಬೇಕಲ್ಲ. ಅವಳದ್ದಾದ್ರೆ ನಂಗೆ ಪೂರ್ತಿ ಗೊತ್ತಿತ್ತು. ನನ್ನದನ್ನ ನಾನು ಯಾವತ್ತೂ ನೋಡ್ಲೇ ಇಲ್ಲ. ನೆನ್ನೆಯಿಂದ ನೋಡ್ತಾ ಇದೀನಿ."

"ಏನ್ ಗೊತ್ತಾಯ್ತು?"

ಕಿಟಕಿಯ ಅಂಚಿನಲ್ಲಿ ತೊಳೆದು ಬೋರಲು ಹಾಕಿದ್ದ ಸ್ಟೀಲ್ ಲೋಟದ ಕಡೆ ಕೈ ತೋರಿಸಿದರು. "ಒಂದು ಲೋಟ ಸಾಕು."

ಕೆಳಗೆ ಅಮ್ಮನ ಕುಕ್ಕರ್ ಕೂಗಿ ಸುಮ್ಮನಾಯಿತು. ನಾನೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಸಾರ್, ಕಾಫಿ ಮಾಡಿ. ನಂಗೂ ಬೇಕು."

ಅವರು ನನ್ನನ್ನೊಮ್ಮೆ ನೋಡಿದರು. ಎದ್ದರು. ಒಂದು ಡಬ್ಬದ ಹಗ್ಗ ಬಿಚ್ಚಿದರು, ಅದರಲ್ಲಿ ಹೊದಿಕೆ. ಇನ್ನೊಂದು ಬಿಚ್ಚಿದರು, ಪುಸ್ತಕ. ಮೂರನೆಯದರಲ್ಲಿ ಬರೀ ವೈರು! ಮನೆ ತುಂಬ ಸಾಮಾನು ಹರಡಿದ ಮೇಲೆ ಕೊನೆಗೂ ಎಲ್ಲಿಂದಲೋ ಇನ್ನೊಂದು ಲೋಟ ಹೊರಬಂತು. ಅದನ್ನು ಉಜ್ಜಿ ತೊಳೆದರು, ಕಾಫಿ ಸುರಿದು ನನ್ನ ಕೈಗೆ ಕೊಟ್ಟರು. ಸಕ್ಕರೆ ಜಾಸ್ತಿಯಾಗಿತ್ತು, ನಾನು ಹೇಳಲಿಲ್ಲ. ಕುಡಿದು ಮುಗಿಸಿದ ಮೇಲೆ ಲೋಟ ತೊಳೆದು ಒರೆಸಿ, ಅದನ್ನು ಕೈಯಲ್ಲಿ ಹಿಡಿದು ಖಾಲಿ ಅಡುಗೆಮನೆಯ ನಡುವೆ ನಿಂತರು.

"ಇದನ್ನ ಎಲ್ಲಿಡ್ಲಮ್ಮ?"

"ಕೈಗೆ ಸಿಗೋ ಕಡೆ ಇಡಿ ಸಾರ್. ನಾಳೇನೂ ಬರ್ತೀನಿ."